ಎಂಟು ತಿಂಗಳ ಆಟಗಾರ ಮತ್ತು ನನ್ನ ಕಾಲು

ನನ್ನದು ವಿಟಮಿನ್ ಬಿ-ಟ್ವೆಲ್ವ್ ಕೊರತೆ ಎಂದು ಆ ಡಾಕ್ಟರನ್ನು ಒಪ್ಪಿಸಿದವನು ನಾನೇ. ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಲೈಲ್‌ನಲ್ಲಿ ನನ್ನ ಆಫೀಸಿಗೆ ಹತ್ತಿರದ, ನೇರ ಹೋಗಿ ತೋರಿಸಿಕೊಳ್ಳುವ ಅರ್ಜೆಂಟ್ ಕೇರ್ ಕ್ಲಿನಿಕ್ ಅದು. ನನ್ನ ಎರಡೂ ಪಾದ ಜೋಮು ಹಿಡಿದಿದ್ದವು. ಕಾಲು ಮಡಚಿ ಕೂತು ಎದ್ದಾಗ ಹಿಡಿಯುವಂಥದ್ದೇ, ಆದರೆ ಇದು ಬಿಡುತ್ತಿರಲಿಲ್ಲ. ಡಾಕ್ಟರ್ ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಕಾಲು ಎಗರಲಿಲ್ಲ. ಮತ್ತೊಮ್ಮೆ ತಟ್ಟಿದ. "ನೀನು ಎಮರ್ಜೆನ್ಸಿಗೆ ಹೋಗಿಬಿಟ್ಟರೆ ಒಳ್ಳೆಯದು" ಎಂದ.

ನಾನು ವಾದ ಶುರು ಮಾಡಿದೆ. ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ಅಮ್ಮನಿಗೆ ಬಿ-ಟ್ವೆಲ್ವ್ ಕಡಿಮೆ, ಅಪ್ಪನಿಗೆ ಕಡಿಮೆ, ಧಾರವಾಡದ ಅತ್ತೆಗೆ ಇಂಜೆಕ್ಷನ್ನೇ ಬೇಕು. ಹಿಂದಿನ ವರ್ಷದ ನನ್ನ ರಿಪೋರ್ಟಿನಲ್ಲೂ ಕಡಿಮೆಯಿತ್ತು. ಪಾದ ಜೋಮು ಹಿಡಿಯುವುದು ಅದರ ಮಾಮೂಲಿ ಲಕ್ಷಣ. ಇನ್ನು ಸುತ್ತಿಗೆಯ ಮಾತು: ಯಾರಾದರೂ ಸುತ್ತಿಗೆ ಎತ್ತಿದರೆ ಯಾರೇ ಆದರೂ ಕಾಲು ಬಿಗಿ ಹಿಡಿಯುತ್ತಾರೆ, ಹಿಡಿಯುವುದಿಲ್ಲವೇ? ಹೈಸ್ಕೂಲಿನ ಡಿಬೇಟ್ ತಂಡದಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು. ಎದುರಿನವನಿಗೆ ಗೊತ್ತಿಲ್ಲದ ಸಂಗತಿ ನಿನ್ನ ಕೈಯಲ್ಲಿದ್ದರೆ ಅದನ್ನೇ ಮುಂದಿಡು, ಅವನು ಅದನ್ನು ತೂಗುತ್ತಿರುವಾಗ ಎರಡನೆಯದನ್ನು ಇಡು. ಆತ ರಕ್ತ ತೆಗೆದುಕೊಂಡು, ಮಾತ್ರೆ ಬರೆದು ನನ್ನನ್ನು ಬಿಟ್ಟ.

ಸಂಜೆ ಮನೆಗೆ ಫೋನ್ ಮಾಡಿದೆ. ಅಪ್ಪ ಅಮ್ಮ ಇರುವುದು ಕಾರಿನಲ್ಲಿ ಐದು ಗಂಟೆ ದೂರದ, ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ. ಅಪ್ಪನ ಕೆಲಸ ವಾರೆನ್‌ನಲ್ಲಿ, ಕಾರಿನ ಸೀಟ್ ಬೆಲ್ಟ್ ಪರೀಕ್ಷೆ ಮಾಡುವ ವಿಭಾಗ. ಅಮ್ಮ ತಕ್ಷಣ ಮೈಸೂರಿನ ಡಾಕ್ಟರ್ ಅಂಕಲ್‌ರನ್ನು ಅದೇ ಕಾಲ್‌ಗೆ ಸೇರಿಸಿಕೊಂಡಳು. ಅಂಕಲ್ ದಂತವೈದ್ಯರು.

"ನಂಗೆ ಗೊತ್ತಿರೋದು ಹಲ್ಲಿನ ನರ ಮಾತ್ರ ಕಣಪ್ಪಾ" ಎಂದರು ಅಂಕಲ್. "ಆದ್ರೂ ನಂಗೆ ಬಿ-ಟ್ವೆಲ್ವ್ ಅಂತಾನೇ ಅನ್ಸುತ್ತೆ. ನಮ್ಮವರಿಗೆಲ್ಲಾ ಅದೇ ಅಲ್ವಾ?"

"ನಾ ಹೇಳಿದ್ದಿಲ್ಲೇನು?" ಅಂದಳು ಅಮ್ಮ. "ಮಸರು ತಿನ್ನಂದ್ರ ತಿನ್ನಂಗಿಲ್ಲ ಇಂವ."

ಹೀಗೆ ಎಲ್ಲರೂ ಒಮ್ಮತಕ್ಕೆ ಬಂದೆವು. ಎರಡು ದಿನ ಕಳೆದು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನನ್ನ ಕಾಲುಗಳು ನನ್ನನ್ನು ಬಿಟ್ಟುಬಿಟ್ಟವು. ಬಿದ್ದೆ ಎನ್ನುವುದು ಸರಿಯಲ್ಲ, ಮಡಚಿಕೊಂಡೆ. ಕೆಳಗಿನ ಮನೆಯವರು ಆಂಬುಲೆನ್ಸ್ ಕರೆದರು.

ಕಾಯಿಲೆಯ ಹೆಸರು ಜಿಬಿಎಸ್. ವಿವರಣೆ ಬೇಕಾದವರಿಗೆ ಸಾವಿರ ಪುಟಗಳು ಸಿಗುತ್ತವೆ, ನಾನು ಬರೆಯುವುದಿಲ್ಲ. ಮೈಯ ರಕ್ಷಣಾ ಪಡೆ ಮೈಯ ನರಗಳನ್ನೇ ಶತ್ರು ಎಂದು ತಿಳಿದು ಹೊಡೆಯುತ್ತದೆ, ಕಾಲಿನಿಂದ ಮೇಲಕ್ಕೆ ಏರುತ್ತದೆ, ಇಷ್ಟು ಸಾಕು. ಏರುತ್ತಾ ಉಸಿರಿನ ಸ್ನಾಯುಗಳಿಗೆ ಬಂದರೆ ವೆಂಟಿಲೇಟರ್. ಅದಕ್ಕೇ ನರ್ಸ್ ಮತ್ತೆ ಮತ್ತೆ ಬಂದು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸು ಎನ್ನುತ್ತಿದ್ದಳು. ಡಿಬೇಟ್‌ನಲ್ಲಿ ನಾನು ಒಂದೇ ಉಸಿರಿಗೆ ಅರ್ಧ ಪುಟ ಓದುತ್ತಿದ್ದವನು. ನಮ್ಮ ಬಗೆಯ ಡಿಬೇಟ್‌ನಲ್ಲಿ ವೇಗಕ್ಕೇ ಬೆಲೆ. ಈಗ ಹದಿನೆಂಟಕ್ಕೆ ನಿಂತೆ. ಅಷ್ಟರಲ್ಲಿ ಟ್ರಾಯ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಅಮ್ಮ ಹಾಸಿಗೆಯ ಪಕ್ಕದಿಂದ, "ಕನ್ನಡದಾಗ ಎಣಸು, ಜಾಸ್ತಿ ಆಗ್ತದ" ಎಂದಳು. ಆಗಲಿಲ್ಲ. ಅಮ್ಮ ಬಾಗಿಲ ಹೊರಗೆ ಹೋಗಿ ಅತ್ತಳು. ಗಾಜಿನಾಚೆ ಅವಳ ಬೆನ್ನು ಅಲುಗುತ್ತಿದ್ದುದು ಕಾಣುತ್ತಿತ್ತು. ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಬರೆಯುವ ಕಾರಣಗಳಲ್ಲಿ ಇದೂ ಒಂದು. ಭಯದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಏನೂ ಅನ್ನಿಸದೆ ಮಲಗಿರುವುದರ ಬಗ್ಗೆ ನಾನು ಎಲ್ಲೂ ಓದಿರಲಿಲ್ಲ, ಹಾಗಾಗಿ ತಲೆಗೂ ಏನೋ ಆಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ನಿಮಗೂ ಹಾಗೆ ಆದರೆ, ಅದು ಆಗುತ್ತದೆ ಅಷ್ಟೇ.

ಡ್ರಿಪ್ ಹಾಕಿದರು. ಏರುತ್ತಿದ್ದದ್ದು ಎದೆಯ ಹತ್ತಿರ ನಿಂತಿತು. ಯಂತ್ರದ ಅಗತ್ಯ ಬೀಳಲಿಲ್ಲ. ಆಮೇಲೆ ನನ್ನನ್ನು, ಕೈಕಾಲಿಗೆ ಮತ್ತೆ ಚಲನೆ ಕಲಿಸುವ ರಿಹ್ಯಾಬ್ ವಿಭಾಗಕ್ಕೆ ಕಳಿಸಿದರು. ಅಲ್ಲಿಂದಾಚೆ ಪ್ರಶ್ನೆ ಒಂದೇ ಉಳಿಯಿತು: ಹೋದದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ? ಕೆಲಸ ಬಿಟ್ಟು ಓದಲು ಲಾ ಸ್ಕೂಲಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಅಪ್ಪನ ಉತ್ತರ ಸಿದ್ಧವಾಗಿತ್ತು. "ನೂರಕ್ಕ ನೂರು. ನೀ ಚಿಂತೀನ ಮಾಡಬ್ಯಾಡ."

ರಿಹ್ಯಾಬ್‌ನಲ್ಲಿ ಕೋಣೆಗೆ ಇಬ್ಬರು, ನಡುವೆ ಒಂದು ಪರದೆ. ಮೊದಲ ಬೆಳಗ್ಗೆ ಪರದೆಯ ಆಚೆಯಿಂದ ದನಿ ಬಂತು. ಅವರ ಇಂಗ್ಲಿಷ್ ತುಂಡು ತುಂಡು. ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಿಂದೇನು? ಬೆನ್ನಾ?"

"ನರ."

"ನಂದು ಮೆದುಳು. ಸ್ಟ್ರೋಕ್. ಬಲಗಡೆ ಪೂರ್ತಿ ರಜೆ."

ಅವರ ಅಡ್ಡಹೆಸರು ಫಿಯಾಪೋ. ಬ್ರೆಜಿಲ್‌ನವರು, ಅವರ ಭಾಷೆಯಲ್ಲಿ ಹಾಗೆಂದರೆ ಎಳೆ, ದಾರದ ಎಳೆ. ಹುಡುಗನಾಗಿದ್ದಾಗ ಅಷ್ಟು ಸಣಕಲು. ಈಗ ನಲವತ್ತಮೂರು ವರ್ಷ, ಹೊಟ್ಟೆ ಬಂದ ಮನುಷ್ಯ. ಅಲ್ಲೇ ಹತ್ತಿರದ ಅರೋರಾದಲ್ಲಿ ತಂಗಿಯ ಮನೆಯಲ್ಲಿ ಇದ್ದುಕೊಂಡು ಬ್ರೆಡ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದರು, ಶನಿವಾರ ಪುಟ್ಟ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ನಾನು ಲಾ ಓದಲಿದ್ದೇನೆ ಎಂದು ತಿಳಿದ ಮೇಲೆ ನನ್ನನ್ನು 'ದೊತೋರ್' ಎಂದೇ ಕರೆದರು. ಬ್ರೆಜಿಲ್‌ನಲ್ಲಿ ವಕೀಲರನ್ನೂ ಡಾಕ್ಟರ್ ಎನ್ನುತ್ತಾರಂತೆ. "ಇನ್ನೂ ಓದೇ ಇಲ್ಲ ನಾನು" ಎಂದೆ. "ಪರವಾಗಿಲ್ಲ, ನಮ್ಮಲ್ಲಿ ಸೂಟ್ ಹಾಕಿದರೂ ಸಾಕು" ಎಂದರು.

ಅವರು ಯಾರೆಂದು ನನಗೆ ತಿಳಿದದ್ದು ಬ್ರೆಡ್ ಅಂಗಡಿಯ ಮಾಲೀಕ ನೋಡಲು ಬಂದಾಗ. ಆತ ಪರದೆ ಸರಿಸಿ, ಕೇಳದಿದ್ದರೂ ನನ್ನ ಮುಖದೆದುರು ಫೋನ್ ಹಿಡಿದ. ಹಳೆಯ ಮಸುಕು ವಿಡಿಯೊ. ಸಣಕಲು ಹುಡುಗನೊಬ್ಬ ಮೈದಾನದ ಮಧ್ಯದಿಂದ ಚೆಂಡು ತೆಗೆದುಕೊಂಡು ಹೊರಡುತ್ತಾನೆ. ನಾಲ್ಕು ಜನ ಅವನನ್ನು ತಡೆಯಲು ಬರುತ್ತಾರೆ. ಬಂದವರು ತಪ್ಪು ಬಾಗಿಲು ತಟ್ಟಿದವರಂತೆ ಪಕ್ಕಕ್ಕೆ ಸರಿಯುತ್ತಾರೆ. ಗೋಲ್‌ಕೀಪರ್ ಮುಂದೆ ಬಂದಾಗ ಹುಡುಗ ಎಡಗಾಲಿನಿಂದ ಚೆಂಡನ್ನು ಅವನ ತಲೆಯ ಮೇಲೆ ಸುಮ್ಮನೆ ಎತ್ತಿ ಹಾಕುತ್ತಾನೆ. ಆಗ ಇವರಿಗೆ ಹತ್ತೊಂಬತ್ತು ವರ್ಷ. ಯುರೋಪಿನ ದೊಡ್ಡ ಕ್ಲಬ್ಬು.

"ಜಗತ್ತಿನಲ್ಲೇ ನಂಬರ್ ಒನ್ ಆಗಬೇಕಾಗಿತ್ತು ಇವನು" ಎಂದ ಮಾಲೀಕ, ಅವರೆದುರಿಗೇ. ಅವರು ಜೆಲ್ಲಿ ತಿನ್ನುತ್ತಿದ್ದರು.

ಆ ವಿಡಿಯೊ ಒಂದು ಪಟ್ಟಿಯ ಭಾಗವಾಗಿತ್ತು: ಪ್ರತಿಭೆ ಹಾಳು ಮಾಡಿಕೊಂಡ ಹತ್ತು ಮಂದಿ ಆಟಗಾರರು. ಫಿಯಾಪೋ ಆರನೆಯವರು. "ನೋಡು ದೊತೋರ್" ಎಂದರು, ಮಾಲೀಕ ಹೋದ ಮೇಲೆ. "ಅದರಲ್ಲೂ ಫಸ್ಟ್ ಬರಲಿಲ್ಲ ನಾನು."

ನನ್ನ ಕೈಗಳಿಗೆ ಚಮಚ ಹಿಡಿಯಲು ಬರುತ್ತಿರಲಿಲ್ಲ, ಕಾಲು ಇದ್ದೂ ಇಲ್ಲ. ಬಾಯಿ ಮಾತ್ರ ನೆಟ್ಟಗಿತ್ತು. ಹಾಗಾಗಿ ಆ ಮನುಷ್ಯನನ್ನು ಪಾಟೀಸವಾಲಿಗೆ ಎಳೆದೆ. ಜಿಮ್‌ನಲ್ಲಿ ನಮ್ಮಿಬ್ಬರ ಸರದಿ ಒಟ್ಟಿಗೇ ಬರುತ್ತಿತ್ತು. ಗಾಲಿಕುರ್ಚಿಗಳು ಅಕ್ಕಪಕ್ಕ, ಮುಂದೆ ಹಿಡಿದು ನಿಲ್ಲುವ ಎರಡು ಸರಳು. ಕಾಯುವ ಹೊತ್ತೆಲ್ಲ ನನ್ನದು.

"ಮೊಣಕಾಲಿಗೆ ಪೆಟ್ಟು ಬಿತ್ತಾ?"

"ಎಲ್ಲರಿಗೂ ಬೀಳುತ್ತೆ."

"ಕುಡಿತ?"

"ಬಿಯರ್. ಆಮೇಲೆ. ಆಡೋದು ನಿಂತ ಮೇಲೆ."

"ಊರಿನ ನೆನಪು? ಚಳಿ?"

"ಚಳಿ ಇತ್ತು. ಇಲ್ಲೂ ಇದೆ. ಇಲ್ಲಿ ಇಪ್ಪತ್ತು ವರ್ಷ ಇದೀನಿ."

"ಹಾಗಾದರೆ ಕಾರಣ ಏನು?"

"ಯಾವುದಕ್ಕೆ?"

"ನೀವು ಆಗಬೇಕಾದದ್ದು ಆಗದೇ ಇದ್ದದ್ದಕ್ಕೆ."

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು, ಬೆಕ್ಕನ್ನು ಎತ್ತಿಟ್ಟ ಹಾಗೆ. "ನಾನು ಎಂಟು ತಿಂಗಳು ಚೆನ್ನಾಗಿ ಆಡಿದೆ ದೊತೋರ್. ತುಂಬಾ ಚೆನ್ನಾಗಿ. ಎಲ್ಲರೂ ಇದು ಶುರು ಅಂದರು. ಅದು ಶುರು ಅಲ್ಲ. ಅದೇ ಆಟ. ಪೂರ್ತಿ ಅಷ್ಟೇ ಇದ್ದದ್ದು. ಮುಂದಿನದನ್ನು ಅವರು ಲೆಕ್ಕ ಹಾಕಿಕೊಂಡರು. ಅವರು ಲೆಕ್ಕ ಹಾಕಿದ್ದನ್ನ ನಾನು ಹೇಗೆ ಕಳೆದುಕೊಳ್ಳಲಿ?"

ನಾನು ಸುಮ್ಮನೆ ಬಿಡುವವನಲ್ಲ. ಇದು ಸೋತವನ ವಾದ ಎಂದೆ. ಯಾರು ಬೇಕಾದರೂ ತನ್ನ ಸೋಲಿಗೆ ಗೆರೆ ಎಳೆದು ನನ್ನ ಅಳತೆಯೇ ಇಷ್ಟು ಎನ್ನಬಹುದು. ಹಾಗಂದರೆ ಯಾರೂ ಯಾವತ್ತೂ ಏನನ್ನೂ ಹಾಳು ಮಾಡಿಕೊಂಡಿಲ್ಲ ಎಂದಾಗುತ್ತದೆ. ಇದನ್ನು ಸುಳ್ಳೆಂದು ತೋರಿಸಲು ದಾರಿಯೇ ಇಲ್ಲ, ಆದ್ದರಿಂದ ಇದು ವಾದವೇ ಅಲ್ಲ.

"ಸರಿ" ಎಂದರು. "ಅವರದನ್ನು ಸುಳ್ಳು ಅಂತ ತೋರಿಸೋಕೆ ದಾರಿ ಇದೆಯಾ?"

ಫಿಸಿಯೋ ಕೆಲ್ಲಿ ಬಂದು ನನ್ನ ಸೊಂಟಕ್ಕೆ ಬೆಲ್ಟ್ ಬಿಗಿದಳು, ಮಾತು ಅಲ್ಲಿಗೆ ನಿಂತಿತು. ಆ ದಿನ ಸರಳು ಹಿಡಿದು ನಿಲ್ಲಲು ನನ್ನಿಂದ ಆಗಲಿಲ್ಲ. ಪಕ್ಕದ ಸರಳಿನಲ್ಲಿ ಅವರು ನಿಂತರು, ಎಡಗಾಲಿನ ಮೇಲೆ. "ಎಡಗಾಲು ಇನ್ನೂ ಚೆನ್ನಾಗಿದೆ, ಕ್ಲಬ್ಬಿಗೆ ಹೇಳಿಕಳಿಸಿ" ಎಂದು ಕೆಲ್ಲಿಗೆ ಹೇಳಿದರು.

ಅಪ್ಪ ಪ್ರತಿ ಶುಕ್ರವಾರ ಕೆಲಸ ಮುಗಿಸಿ ಐ-94 ಹೆದ್ದಾರಿ ಹಿಡಿದು ಬರುತ್ತಿದ್ದರು. ಅವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಆದರೆ ವಿಡಿಯೊ ನೋಡಿದ ಮೇಲೆ ಅವರಿಗೆ ನಿದ್ದೆ ಬಂದಂತಿರಲಿಲ್ಲ. ಮರುದಿನ ಪರದೆಯನ್ನು ಅರ್ಧ ಸರಿಸಿ, ಫಿಯಾಪೋರ ಕಾಲ ಬಳಿ ಕುರ್ಚಿ ಹಾಕಿಕೊಂಡು, ಯಾರದೋ ಮನೆಯ ಸಾವಿಗೆ ಹೋದವರ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರು: ನಿಮಗೆ ಹೇಳುವವರು ಯಾರೂ ಇರಲಿಲ್ಲವೇ? ತಂದೆ?

"ಇದ್ದರು. ಓಡು, ಓಡು ಅನ್ನುತ್ತಿದ್ದರು. ಓಡಿದೆ."

ಅಪ್ಪ ನನ್ನ ಕಡೆ ಬಂದು ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳಿದರು. "ನೋಡಪಾ, ಎಂಥಾ ಮನಷ್ಯಾ. ದೇವರು ಕೊಟ್ಟಿದ್ದನ್ನ ಹಿಂಗ ಕಳಕೊಂಡು ಕೂತಾನ. ನೀ ಹಂಗ ಬಿಡಬ್ಯಾಡ."

"ಅಪ್ಪಾ, ಅವ್ರು ಏನೂ ಕಳ್ಕೊಂಡಿಲ್ಲ ಅಂತ ಹೇಳ್ತಾರ."

"ಎಲ್ಲಾರೂ ಹಂಗ ಹೇಳ್ತಾರ."

"ದೇವ್ರು ಕೊಟ್ಟಿದ್ದು ಅಂತೀರಿ. ಹಂಗಾದ್ರ ಸ್ಟ್ರೋಕ್ ಕೊಟ್ಟೋರು ಯಾರು?"

"ಆಸ್ಪತ್ರ್ಯಾಗರ ಬಾಯಿ ಮುಚ್ಚಲೇ" ಎಂದಳು ಅಮ್ಮ. ಅವಳು ಅರೋರಾದ ಬಾಲಾಜಿ ಗುಡಿಯಿಂದ ಬಂದಿದ್ದಳು. ನನಗೂ ಲಡ್ಡು, ಪರದೆಯಾಚೆಗೂ ಲಡ್ಡು. ಫಿಯಾಪೋ ತಿಂದು, ಯಾವ ಸಂತರ ಹಬ್ಬ ಎಂದು ಕೇಳಿದರು. ಅಮ್ಮ ಇನ್ನೊಂದು ಕೊಟ್ಟಳು.

ರಿಹ್ಯಾಬ್‌ನಲ್ಲಿ ಒಂದು ಪದ್ಧತಿಯಿದೆ. ವಾರಕ್ಕೊಮ್ಮೆ ಡಾಕ್ಟರ್, ಫಿಸಿಯೋ, ನರ್ಸ್ ಎಲ್ಲರೂ ಕೂತು ನಮ್ಮೆದುರೇ ನಮ್ಮ ಬಗ್ಗೆ ಮಾತಾಡುತ್ತಾರೆ: ಇವನು ಮುಂದೆ ಎಷ್ಟು ಸುಧಾರಿಸಬಲ್ಲ? ಸುಧಾರಿಸುತ್ತಲೇ ಇದ್ದರೆ ಅಲ್ಲೇ ಇರಬಹುದು. ನಿಂತುಹೋದರೆ ಮನೆಗೆ, ಅಥವಾ ನರ್ಸಿಂಗ್ ಹೋಮಿಗೆ. ಮೂರನೆಯ ಸಭೆಯಲ್ಲಿ ಡಾಕ್ಟರಮ್ಮ ಮಾತು ಆಯ್ದು ಆಯ್ದು ಹೇಳಿದಳು. ನಿರೀಕ್ಷಿಸಿದ ವೇಗ ಕಾಣುತ್ತಿಲ್ಲ. ನರದ ಒಳಗಿನ ತಂತಿಗೇ ಪೆಟ್ಟು ಬಿದ್ದಿರಬಹುದು. ಹಾಗಿದ್ದರೆ ಪಾದಕ್ಕೂ ಬೆರಳ ತುದಿಗೂ ಶಕ್ತಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಅಥವಾ ಬರುವುದಿಲ್ಲ.

ಅಪ್ಪ ಎದ್ದು ನಿಂತರು. ಕೂತವರೆದುರು ಎದ್ದು ನಿಂತು ಮಾತಾಡುವ ಅಭ್ಯಾಸ ಅವರದಲ್ಲ. "ನನ್ನ ಮಗ ಮಿಶಿಗನ್ ಸ್ಟೇಟ್ ಡಿಬೇಟ್ ಫೈನಲಿಸ್ಟ್" ಎಂದರು ಇಂಗ್ಲಿಷಿನಲ್ಲಿ. "ಹದಿಮೂರನೇ ವಯಸ್ಸಿಗೆ ಈ ದೇಶಕ್ಕೆ ಬಂದ. ಇಂಗ್ಲಿಷ್ ಬರುತ್ತಿರಲಿಲ್ಲ. ನಾಲ್ಕೇ ವರ್ಷ. ಇವನ ಸಾಮರ್ಥ್ಯ ನಿಮಗೆ ಗೊತ್ತಿಲ್ಲ."

ಯಾರೂ ನಗಲಿಲ್ಲ. ಅವರೆಲ್ಲ ತಲೆಯಾಡಿಸಿದ ರೀತಿಯೇ ನನಗೆ ಎಲ್ಲವನ್ನೂ ಹೇಳಿತು. ಆ ವಾದದಲ್ಲಿದ್ದ ತೂತುಗಳು ನನಗೆ ಒಂದೊಂದಾಗಿ ಕಂಡವು. ನನ್ನ ಸ್ನಾಯುಗಳು ಇಂಗ್ಲಿಷ್ ಕಲಿಯಬೇಕಾಗಿರಲಿಲ್ಲ. ಅಪ್ಪನ ಪರವಾಗಿ ಏನಾದರೂ ಹೇಳಬೇಕಿತ್ತು. ಮುಂದಿನ ಸಭೆಯ ಹೊತ್ತಿಗೆ ವಾಕರ್ ಹಿಡಿದು ಹತ್ತು ಅಡಿ ನಡೆದರೆ ಇನ್ನಷ್ಟು ದಿನ ಇರಬಹುದು ಎಂದು ತೀರ್ಮಾನವಾಯಿತು.

ಆ ವಾರ ನಾನು ಮಾಡಿದ್ದು ಅದೊಂದೇ. ಕೆಲ್ಲಿ ಕಣಕಾಲಿಗೆ, ಪಾದವನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ಕಿನ ಬ್ರೇಸ್ ಕಟ್ಟಿ, ನೆಲದ ಮೇಲೆ ನೀಲಿ ಟೇಪ್ ಅಂಟಿಸುತ್ತಿದ್ದಳು. ಪಾದ ನೆಲ ಮುಟ್ಟಿದೆಯೋ ಇಲ್ಲವೋ ಎಂಬುದು ಕೆಳಗೆ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಬೇರೆಯವರ ಕಾಲನ್ನು ಬಾಡಿಗೆ ಕಾರಿನಂತೆ ತಂದು, ಎಲ್ಲಿ ಗೀರು ಬೀಳಿಸಿಬಿಡುತ್ತೇನೋ ಎಂದು ನೋಡಿಕೊಂಡು ಓಡಿಸುತ್ತಿದ್ದ ಹಾಗೆ. ಪರೀಕ್ಷೆಯ ದಿನ ಫಿಯಾಪೋ ಗಾಲಿಕುರ್ಚಿಯನ್ನು ಟೇಪಿನ ಆಚೆ ತಂದು ನಿಲ್ಲಿಸಿಕೊಂಡರು. "ಓಡು, ಓಡು" ಎಂದರು, ಅವರ ತಂದೆಯ ದನಿ ಮಾಡಿ. ಕೆಲ್ಲಿ ನಕ್ಕಳು. ನಾನು ನಡೆದೆ. ಆರು ಅಡಿ. ಮೊಣಕಾಲು ಮಡಚಿತು, ಕೆಲ್ಲಿ ಬೆಲ್ಟ್ ಹಿಡಿದು ಕುರ್ಚಿಗೆ ಇಳಿಸಿದಳು.

"ಹತ್ತು ಅಂತ ಬರಕೊಳ್ಳಿ" ಎಂದರು ಫಿಯಾಪೋ.

"ಆರು" ಎಂದೆ ನಾನು.

ಅವರು ನನ್ನ ಕಡೆ ನೋಡಿದರು. ಸಮಾಧಾನದ ಮಾತೇನೋ ಬರಬಹುದು ಎಂದುಕೊಂಡೆ. "ಆರು ಚೆನ್ನಾಗಿತ್ತು" ಎಂದರು. ಮುಂದೆ ಏನನ್ನೂ ಸೇರಿಸಲಿಲ್ಲ. ಆ ಆಸ್ಪತ್ರೆಯಲ್ಲಿ ನನ್ನ ಬಗ್ಗೆ ಯಾರೋ ಹೇಳಿದ, 'ಇನ್ನೂ' ಮತ್ತು 'ಆದರೆ' ಇಲ್ಲದ ಮೊದಲ ವಾಕ್ಯ ಅದು. ಆಗಲೂ ನನಗೆ ಅಳು ಬರಲಿಲ್ಲ. ಹಸಿವಾಯಿತು. ಬಹಳ ದಿನದ ಮೇಲೆ ಆದ ಹಸಿವು, ಅದನ್ನೇ ಲೆಕ್ಕಕ್ಕೆ ಹಿಡಿದೆ.

ಹತ್ತು ಅಡಿ ಆಗದ್ದರಿಂದ ರಿಹ್ಯಾಬ್‌ನವರು ಮನೆಗೆ ಕಳಿಸಿದರು; ಅಪ್ಪ ಅಮ್ಮ ನನ್ನನ್ನು ಟ್ರಾಯ್‌ಗೆ ಕರೆದುಕೊಂಡು ಹೋದರು. ಫಿಯಾಪೋ ತಂಗಿಯ ಮನೆಗೆ ಹೋದರು. ಹೊರಡುವ ಮುಂಚೆ ಅಪ್ಪ ಅವರ ಫೋನ್ ನಂಬರ್ ತೆಗೆದುಕೊಂಡದ್ದು ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ನನ್ನ ಹಾಸಿಗೆ ಕೆಳಗಿನ ಕೋಣೆಯಲ್ಲಿ, ಅಪ್ಪನ ಕಂಪ್ಯೂಟರ್ ಪಕ್ಕ. ನನ್ನ ರೂಮು ಮೇಲೆ. ಮೆಟ್ಟಿಲಿಗೆ ಒಂದೇ ಕಡೆ ಕೈಕಂಬಿ ಇತ್ತು. ಮನೆಗೆ ಬರುತ್ತಿದ್ದ ಫಿಸಿಯೋ, ಗೋಡೆಯ ಕಡೆಗೂ ಒಂದು ಹಾಕಿಸಿ, ಎರಡೂ ಕೈಗೆ ಆಸರೆ ಇದ್ದರೆ ಹತ್ತಬಹುದು ಎಂದಳು.

"ಬ್ಯಾಡ" ಅಂದರು ಅಪ್ಪ. "ಇನ್ನೆರಡು ತಿಂಗಳಾದ ಮ್ಯಾಲೆ ಬೇಕಾಗೂದಿಲ್ಲ. ಸುಮ್ನ ಗ್ವಾಡಿಗೆ ತೂತು ಯಾಕ?"

ಎರಡು ತಿಂಗಳಾಯಿತು, ಮತ್ತೆ ಎರಡು ತಿಂಗಳಾಯಿತು. ವಾಕರ್ ಹೋಗಿ ಕೋಲು ಬಂತು. ಬೆರಳುಗಳು ಪೆನ್ನು ಹಿಡಿದವು, ಶರ್ಟಿನ ಗುಂಡಿ ಹಾಕಲು ಒಪ್ಪಲಿಲ್ಲ. ಲಾ ಸ್ಕೂಲಿನವರು ಒಂದು ವರ್ಷ ಸೀಟು ಕಾದಿರಿಸಿದರು. ನಾನು ಕೆಳಗಿನ ಕೋಣೆಯಲ್ಲೇ ಮಲಗಿದೆ. ಬೇರೆ ಊರಿನಲ್ಲಿ ಓದುತ್ತಿದ್ದ ನನ್ನ ತಂಗಿ ಕಾಲೇಜಿನಿಂದ ಬಂದಾಗಲೆಲ್ಲ, "ಡ್ಯಾಡ್, ಜಸ್ಟ್ ಪುಟ್ ಇನ್ ದ ರೇಲಿಂಗ್" ಎನ್ನುತ್ತಿದ್ದಳು. ಅಪ್ಪ ಕೇಳಿಸದವರಂತೆ ಟಿವಿ ನೋಡುತ್ತಿದ್ದರು.

ಒಂದು ವರ್ಷ ಕಳೆದ ಮೇಲೆ ನರದ ಡಾಕ್ಟರ್ ಸೂಜಿ ಚುಚ್ಚಿ ಕರೆಂಟ್ ಹರಿಸಿ ಪರೀಕ್ಷೆ ಮಾಡಿದ. ಬ್ರೇಸ್ ಇಲ್ಲದೆ ನಡೆಯುವುದು ಆಗಲಿಕ್ಕಿಲ್ಲ ಎಂದ. ಬದಲಾವಣೆ ಅಸಾಧ್ಯ ಎನ್ನಲಾರೆ, ಆದರೆ ನಿನ್ನ ಜಾಗದಲ್ಲಿ ನಾನಿದ್ದರೆ ಅದಕ್ಕಾಗಿ ಕಾಯುತ್ತಾ ಕೂರುವುದಿಲ್ಲ ಎಂದೂ ಹೇಳಿದ. ಅಪ್ಪ ವಾದ ಮಾಡಿದರು. ಬಿ-ಟ್ವೆಲ್ವ್ ಕೂಡ ಕಡಿಮೆಯಿದೆಯಲ್ಲ, ಅದನ್ನು ಸರಿಮಾಡಿದರೆ? ಇನ್ನೊಂದು ಸುತ್ತು ಡ್ರಿಪ್? ವಯಸ್ಸು ಚಿಕ್ಕದು, ಅದಕ್ಕೆ ಬೆಲೆಯಿಲ್ಲವೇ? ನನಗಿಂತ ಚೆನ್ನಾಗಿ ವಾದ ಮಾಡಿದರು. ಈ ಡಾಕ್ಟರ್ ಒಪ್ಪಲಿಲ್ಲ.

ಆ ಭಾನುವಾರ ಕೆಳಗಿನ ಕೋಣೆಯಲ್ಲಿ ಮಲಗಿದ್ದ ನನಗೆ ಅಡುಗೆಮನೆಯಿಂದ ಅಪ್ಪನ ಇಂಗ್ಲಿಷ್ ಕೇಳಿಸಿತು. ಫೋನಿನ ಸ್ಪೀಕರಿನಲ್ಲಿ ಇನ್ನೊಂದು ದನಿ. ಫಿಯಾಪೋ. ಅವರಿಬ್ಬರೂ ತಿಂಗಳುಗಟ್ಟಲೆ ಹೀಗೆ ಭಾನುವಾರ ಮಾತಾಡುತ್ತಿದ್ದರೆಂದು ಆಗ ತಿಳಿಯಿತು. ಮಕ್ಕಳಿಗೆ ಕಲಿಸುವುದು ಹೇಗೆ ನಡೆದಿದೆ ಎಂದು ಅಪ್ಪ ಕೇಳಿದರು. ಮಡಿಸುವ ಕುರ್ಚಿಯಲ್ಲಿ ಕೂತು ಕೂಗುತ್ತೇನೆ, ಮೊದಲೂ ಅಷ್ಟೇ ಮಾಡುತ್ತಿದ್ದೆ, ನಿಂತುಕೊಂಡು, ಎಂದರು ಅವರು. ಆಮೇಲೆ ಅಪ್ಪ ಕೇಳಿದರು.

"ನೀವು ಆಟಗಾರರು. ಮೈ ನಿಮಗೆ ಗೊತ್ತು. ನಿಜ ಹೇಳಿ, ಇವನು ಮೊದಲಿನ ಹಾಗೆ ಆಗುತ್ತಾನಲ್ಲವೇ?"

"ಗೊತ್ತಿಲ್ಲ ಸೆನ್ಯೋರ್" ಎಂದಿತು ಫೋನು. "ನನ್ನನ್ನ ಎಲ್ಲರೂ ಮುಂದೇನು, ಮುಂದೇನು ಅಂತಲೇ ನೋಡಿದರು. ಆ ಎಂಟು ತಿಂಗಳು ಕೂಡ. ಆಟ ನೋಡಿದವರು ಕಡಿಮೆ. ಇವತ್ತು ಅವನು ಹೇಗಿದ್ದಾನೆ?"

"ಇವತ್ತು" ಎಂದರು ಅಪ್ಪ. "ಇವತ್ತು ತಾನೇ ದೋಸೆ ಹಾಕಿಕೊಂಡ. ಎರಡು."

ಮುಂದಿನ ಶನಿವಾರ ಬೆಳಗ್ಗೆ ಡ್ರಿಲ್ ಸದ್ದಿಗೆ ಎಚ್ಚರವಾಯಿತು. ಅಪ್ಪ ಮೆಟ್ಟಿಲ ಮೇಲೆ ಮಂಡಿಯೂರಿದ್ದರು, ತಲೆಯ ಮೇಲೆಲ್ಲ ಗೋಡೆಯ ಬಿಳಿ ಪುಡಿ. ಉದ್ದನೆಯ ಓಕ್ ಮರದ ಕೈಕಂಬಿ ತಂದಿದ್ದರು, ಬಣ್ಣವೂ ಆಚೆ ಕಡೆಯದಕ್ಕೆ ಹೊಂದುವಂಥದ್ದು. ಕೆಲಸ ಮುಗಿದ ಮೇಲೆ ಅದಕ್ಕೆ ಎರಡೂ ಕೈಯಿಂದ ಜೋತುಬಿದ್ದು, ತಮ್ಮ ಪೂರ್ತಿ ಭಾರ ಹಾಕಿ ಮೂರು ಸಲ ಎಳೆದು ನೋಡಿದರು, ಸೀಟ್ ಬೆಲ್ಟ್ ಎಳೆದು ನೋಡುವವರ ಹಾಗೆ.

"ಗಟ್ಟಿ ಅದ" ಅಂದರು. "ಹತ್ತು."

ಹತ್ತಿದೆ. ಕಂಬಿಯ ಮೇಲೆ ಕೈಯಿದೆ ಎಂಬುದನ್ನು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳುತ್ತಾ, ಒಂದೊಂದೇ ಮೆಟ್ಟಿಲು. ಅಪ್ಪ ಹಿಂದೆ ಬರಲಿಲ್ಲ, ಕೆಳಗೇ ನಿಂತು ನೋಡಿದರು. ಮೇಲೆ ನನ್ನ ರೂಮಿನ ಕಿಟಕಿ ತೆರೆದಿತ್ತು, ಹಾಸಿಗೆಗೆ ಅಮ್ಮ ಹೊಸ ಹೊದಿಕೆ ಹಾಸಿದ್ದಳು. ಕೂತೆ.

"ಊಟ ಮ್ಯಾಲೇ ತರ್ಲೇನು?" ಕೆಳಗಿನಿಂದ ಅಮ್ಮ ಕೂಗಿದಳು. "ಇಳದು ಬರ್ತೀಯೋ?"

"ಬರ್ತೀನಿ" ಎಂದೆ.

ಕೆಳಗೆ ಅಪ್ಪ ಗೋಡೆಯ ಪುಡಿಯನ್ನು ಗುಡಿಸುವ ಸದ್ದು ಕೇಳಿಸುತ್ತಿತ್ತು. ಆ ಕಂಬಿಯನ್ನು ಮುಂದೊಂದು ದಿನ ತೆಗೆಯುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ.